ಶ್ರದ್ಧಾಳ ಹಲ್ಲು, ಟೆರೇಸಿನ ಹಾವು

ಮೂರ್ಛೆ ಹೋದವರನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗುವಷ್ಟು ಜಾಗ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಇರುವುದಿಲ್ಲ. ಈ ಸಂಗತಿಯನ್ನು ಪ್ರಥಮ ಚಿಕಿತ್ಸೆಯ ಶಿಬಿರದಲ್ಲಿ ಯಾರೂ ಹೇಳಿರಲಿಲ್ಲ. ಪುಂಡರೀಕಾಕ್ಷನಿಗೆ ಅದು ಗೊತ್ತಾದದ್ದು ಎರಡು ಸಾವಿರದ ಹನ್ನೊಂದರ ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಹೆಗಲ ಮೇಲಿದ್ದ ಹನ್ನೊಂದು ವರ್ಷದ ಮಗಳು ಶ್ರದ್ಧಾಳ ಬಾಯಿ ಫ್ರಿಜ್ಜಿನ ಮೂಲೆಗೆ ಬಡಿದಾಗ.

ಥಾಣೆ ನಗರದ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಪುಂಡರೀಕಾಕ್ಷ ಹುಟ್ಟಾ ಪುಕ್ಕಲ. ಎರಡು ತಿಂಗಳ ಹಿಂದೆ ಕನ್ನಡ ಸಂಘದವರು ಒಂದು ದಿನದ ಶಿಬಿರ ನಡೆಸಿದಾಗ, ಊಟಕ್ಕೆ ಹೋಳಿಗೆ ಇದೆ ಎಂದು ಕೇಳಿ ಹೋಗಿದ್ದ. ಊಟಕ್ಕೆ ಮುಂಚಿನ ಪಾಠಗಳನ್ನು ಕೇಳಿಸಿಕೊಂಡ, ಊಟದ ನಂತರದವನ್ನು ಕನಸಿನಲ್ಲಿ ಕಂಡ. ಸಂಜೆ ಸರ್ಟಿಫಿಕೇಟು ಕೈಗೆ ಬಂತು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಗಣಪತಿ ಫೋಟೋದ ಪಕ್ಕದಲ್ಲೇ ತೂಗುಹಾಕಿದ. ಕೆಂಪು ಕೂಡು ಗುರುತಿನ ಬಿಳಿ ಡಬ್ಬಿಯೊಂದನ್ನು ತಂದಿಟ್ಟ. ಅಂದಿನಿಂದ ಕಟ್ಟಡದಲ್ಲಿ ಯಾರಿಗಾದರೂ ಏನಾದರೂ ಆದೀತೇ ಎಂದು ಕಾದ. ದುರದೃಷ್ಟಕ್ಕೆ ಎಲ್ಲರೂ ಆರೋಗ್ಯವಾಗಿದ್ದರು.

ಅಂದು ಅವನಿಗೆ ವಾರದ ರಜೆ. ಹೆಂಡತಿ ವಿಮಲಾ ಥಾಣೆಯ ಆಫೀಸಿಗೆ ಹೋಗಿದ್ದಳು.

“ಮಗಾ, ಎರಡೇ ಎರಡು ನಿಮಿಷ ಪ್ರಜ್ಞೆ ತಪ್ಪು.”

“ಪಪ್ಪಾ, ಮೈಂ ಟೀವೀ ದೇಖ್ ರಹೀ ಹೂಂ ನಾ!”

“ಪ್ರಜ್ಞೆ ತಪ್ಪಿಯೂ ನೋಡಬಹುದು. ಕಣ್ಣು ತೆರೆದೇ ಇಟ್ಟುಕೋ.”

ಹೀಗೆ ಪ್ರಜ್ಞೆ ತಪ್ಪಿದ ಮಗಳನ್ನು ಅವನು ಹೆಗಲಿಗೇರಿಸಿ, ‘ಬೆಂಕಿಯಿಂದ ಹೊರಗೆ’ ಎಂದು ಘೋಷಿಸಿ ಅಡುಗೆಮನೆಯ ಕಡೆ ಗರ್ರನೆ ತಿರುಗಿದ. ಟಪ್ ಎಂದಿತು. ಪ್ರಥಮ ಚಿಕಿತ್ಸೆಯೇ ತನಗೊಬ್ಬ ರೋಗಿಯನ್ನು ಸಂಪಾದಿಸಿಕೊಂಡಿತು.

ಇಳಿಸಿ ನೋಡಿದರೆ ಬಾಯಿ ತುಂಬ ರಕ್ತ, ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲಿನ ಜಾಗದಲ್ಲಿ ಒಂದು ಕಪ್ಪು ಕಿಟಕಿ. ಹಲ್ಲು ಬೇರುಸಮೇತ ಕಿತ್ತು ಫ್ರಿಜ್ಜಿನ ಕಾಲ ಬಳಿ ಬಿದ್ದಿತ್ತು. ಹಾಲುಹಲ್ಲಲ್ಲ. ಜೀವಮಾನಕ್ಕೆ ಒಂದೇ ಸಲ ಬರುವಂಥದ್ದು. ಪುಂಡರೀಕಾಕ್ಷನ ಕನ್ನಡಕ ಬೆವರಿಗೆ ಜಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಅದು ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ. ಅವನ ಕಣ್ಣಿಗೆ ಕಂಡದ್ದು ಎರಡೇ: ಆ ಕಿಟಕಿ, ಮತ್ತು ಸಂಜೆ ಆ ಕಿಟಕಿಯನ್ನು ನೋಡಲಿರುವ ವಿಮಲಾಳ ಮುಖ.

ಆದರೆ ಹಲ್ಲಿನ ಪಾಠ ಊಟಕ್ಕೆ ಮುಂಚಿನದಾಗಿತ್ತು. ಶಿಬಿರದ ಡಾಕ್ಟರಮ್ಮನ ಮಾತು ಒಂದೊಂದಾಗಿ ನೆನಪಾಯಿತು. ಹಲ್ಲನ್ನು ತಲೆಯ ಕಡೆ ಹಿಡಿಯಿರಿ, ಬೇರು ಮುಟ್ಟಬೇಡಿ. ಉಜ್ಜಬೇಡಿ. ಒಣಗಲು ಬಿಟ್ಟರೆ ಸತ್ತಿತು. ಆಗುವುದಾದರೆ ಅದೇ ಗುಳಿಯಲ್ಲಿ ಕೂರಿಸಿ. ಧೈರ್ಯ ಸಾಲದಿದ್ದರೆ ಹಾಲಿನಲ್ಲಿ ಹಾಕಿ. ಹಾಲಿಲ್ಲದಿದ್ದರೆ ದೊಡ್ಡವರು ಕೆನ್ನೆಯೊಳಗೆ ಇಟ್ಟುಕೊಳ್ಳಿ. ಒಂದು ಗಂಟೆಯೊಳಗೆ ದಂತವೈದ್ಯರ ಹತ್ತಿರ ಓಡಿ.

ಧೈರ್ಯ ಸಾಲದಿದ್ದರೆ ಎಂಬುದು ತನಗಾಗಿಯೇ ಹೇಳಿದ ಮಾತು ಎಂದು ಅವನಿಗೆ ಅನ್ನಿಸಿತು. ಒದ್ದೆ ಬಟ್ಟೆಯೊಂದನ್ನು ಮಡಚಿ ಮಗಳ ಬಾಯಿಗೆ ಕೊಟ್ಟ. “ಕಚ್ಚಿ ಹಿಡಿದುಕೋ. ನಾನು ಹೇಳುವ ತನಕ ಬಾಯಿ ತೆರೆದರೆ ನೋಡು!” ಶ್ರದ್ಧಾ ಕಣ್ಣೀರಿನ ನಡುವೆಯೇ ಅವನನ್ನು ಸುಡುವಂತೆ ನೋಡಿ ಬಟ್ಟೆ ಕಚ್ಚಿದಳು. ಹುಟ್ಟಿದ ಮೇಲೆ ಅಪ್ಪನ ಮಾತನ್ನು ಅವಳು ಪೂರ್ತಿಯಾಗಿ ಪಾಲಿಸಿದ್ದು ಅದೇ ಮೊದಲು.

ಅಷ್ಟು ಹೊತ್ತಿಗೆ ಟೆರೇಸಿನಲ್ಲಿ ಹಪ್ಪಳ ಹರವಿ ಅವನ ತಾಯಿ ಅಪ್ಪಿಯಮ್ಮ ಕೆಳಗೆ ಬಂದರು. ಕಾರ್ಕಳದ ಕಡೆಯಿಂದ ಬಂದು ಆರು ವರ್ಷವಾಗಿದ್ದರೂ ತುಳು ಬಿಟ್ಟು ಬೇರೆ ಭಾಷೆಯ ಹಂಗಿಗೆ ಬೀಳದ ಹೆಂಗಸು. ತಾಯಿ ಮಗ ಆಡುವ ಮಾತೆಲ್ಲ ತುಳುವಿನದೇ. ಇಲ್ಲಿ ಕನ್ನಡದಲ್ಲಿ ಬರೆದಿದೆ, ಅಷ್ಟೆ.

“ಅಮ್ಮಾ, ಇದನ್ನು ಹಿಡಿ. ಜೋಪಾನ!” ಎಂದು ಹಲ್ಲನ್ನು ಅವರ ಕೈಗಿತ್ತು ಪುಂಡರೀಕಾಕ್ಷ ಅಡುಗೆಮನೆಗೆ ಹಾರಿದ. ಹಾಲಿನ ಪ್ಯಾಕೆಟ್ಟು ಅವನ ಕೈಗೆ ಬಗ್ಗಲಿಲ್ಲ. ಪ್ರಥಮ ಚಿಕಿತ್ಸೆಯ ಡಬ್ಬಿಯ ಕತ್ತರಿ ಮೊತ್ತಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಗ್ಲಾಸಿಗೆ ಹಾಲು ಸುರಿದು ಹೊರಬರುವಾಗ ಐದು ನಿಮಿಷ ಕಳೆದಿತ್ತು. ಅಪ್ಪಿಯಮ್ಮ ಆಗ ತಾನೇ ಟೆರೇಸಿನ ಮೆಟ್ಟಿಲಿಳಿದು ಎರಡೂ ಕೈ ಕೊಡವಿಕೊಳ್ಳುತ್ತಿದ್ದರು.

“ಹಲ್ಲೆಲ್ಲಿ ಅಮ್ಮಾ?”

“ಎಲ್ಲಿ ಅಂದರೆ? ಎಲ್ಲಿ ಹಾಕಬೇಕೋ ಅಲ್ಲಿ ಹಾಕಿದೆ.”

ಬಿದ್ದ ಹಲ್ಲನ್ನು ಮನೆಯ ಮಾಡಿನ ಮೇಲೆ ಎಸೆಯಬೇಕು, ಆಗ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಇದು ಅಪ್ಪಿಯಮ್ಮನ ಮನೆತನದಲ್ಲಿ ಯಾರೂ ಪ್ರಶ್ನಿಸದ ಶಾಸ್ತ್ರ. ಡೊಂಬಿವಲಿಯಲ್ಲಿ ಹಂಚಿನ ಮಾಡಿಲ್ಲದಿದ್ದರೇನು, ಟೆರೇಸಿನ ನೀರಿನ ಟಾಂಕಿಗೆ ಸಿಮೆಂಟ್ ಶೀಟಿನ ಮಾಡು ಇತ್ತು.

“ಅಯ್ಯೋ, ಅದು ಹಾಲುಹಲ್ಲಲ್ಲ ಅಮ್ಮಾ! ಅದು ಹೋದರೆ ಮತ್ತೆ ಬರುವುದಿಲ್ಲ!”

“ಬರುವುದಿಲ್ಲ ಅಂತ ನಿನಗೆ ಯಾರು ಹೇಳಿದ್ದು? ದೀಪಾವಳಿಗೆ ಎಸೆದ ನನ್ನದೇ ಇನ್ನೂ ಬಂದಿಲ್ಲ. ನಾನು ಹೀಗೆ ಬೊಬ್ಬೆ ಹೊಡೆದೆನಾ? ತಾಳ್ಮೆ ಬೇಕು ಮಗಾ.”

ಆ ಮಾತಿಗೆ ಕಿವಿಗೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹಾಲಿನ ಗ್ಲಾಸು ಹಿಡಿದು ಹದಿನಾರು ಮೆಟ್ಟಿಲು ಹಾರಿ, ಟಾಂಕಿಯ ಕಬ್ಬಿಣದ ಏಣಿ ಹತ್ತಿ, ಶೀಟಿನ ಮೇಲೆ ಹೊಟ್ಟೆ ಕೊಟ್ಟು ಮಲಗಿದ. ಎದ್ದು ನಿಲ್ಲಲು ಭಯ, ಶೀಟು ಮುರಿದರೆ ಟಾಂಕಿಯೊಳಗೆ. ಕೆಳಗೆ ನೋಡಲು ಭಯ, ಐದು ಮಾಳಿಗೆಯ ಆಳ. ಶೀಟು ಬೇರೆ ಕಾದ ಕಾವಲಿ. ಹೊಟ್ಟೆಯನ್ನು ದೋಸೆಯಂತೆ ಒಂದೊಂದು ಮಗ್ಗುಲಿಗೂ ಎತ್ತುತ್ತಾ, ಗ್ಲಾಸನ್ನು ಮುಂದೆ ಚಾಚಿ, ತೆವಳಿದ. ಭಯ ಜಾಸ್ತಿಯಾದಾಗ ಗಟ್ಟಿಯಾಗಿ ಮಾತಾಡಿಕೊಳ್ಳುವುದು ಅವನ ಅಭ್ಯಾಸ.

“ಎಲ್ಲಿದ್ದೀ ಮಾರಾಯಾ? ಹೊರಗೆ ಬಾರೋ… ನೋಡು, ಹಾಲು ತಂದಿದ್ದೇನೆ… ಕೈಮುಗಿಯುತ್ತೇನೆ, ಒಮ್ಮೆ ಕಾಣಿಸಿಕೋ…”

ಎದುರು ಕಟ್ಟಡದ ಕಿಟಕಿಯಲ್ಲಿ ಲಿಮಯೆ ಆಜಿ ಕೂತಿದ್ದರು. ಅವರ ಕಿವಿ ಮಂದ, ಕಣ್ಣು ಗಿಡುಗನದು. ಮಂಗಳೂರು ಕಡೆಯ ಅಣ್ಣಾ ಒಬ್ಬ ಮಟಮಟ ಮಧ್ಯಾಹ್ನ ಮಾಡಿನ ಮೇಲೆ ತೆವಳುತ್ತಾ, ಹಾಲಿನ ಗ್ಲಾಸು ಮುಂದೆ ಹಿಡಿದು, ಕೈಮುಗಿದು, ಸಂದಿಯೊಳಗೆ ಇಣುಕಿ ಯಾರನ್ನೋ ಕರೆಯುತ್ತಿದ್ದಾನೆ. ಪ್ರತಿ ವರ್ಷ ನಾಗರಪಂಚಮಿಗೆ ತನ್ನ ಊರಿನ ನಾಗಬನದ ಮಹಿಮೆಯನ್ನು ಇಡೀ ಕಟ್ಟಡಕ್ಕೆ ವರ್ಣಿಸುವವನೂ ಇದೇ ಅಣ್ಣಾ. ಆಜಿ ಎರಡಕ್ಕೆ ಎರಡು ಕೂಡಿಸಿದರು. ಅವರ ತರ್ಕದಲ್ಲಿ ಎಲ್ಲೂ ದೋಷವಿರಲಿಲ್ಲ. ಹಾವೊಂದು ಇರಲಿಲ್ಲ, ಅಷ್ಟೆ. ಸೊಸೈಟಿಯ ಸೆಕ್ರೆಟರಿ ಸಬನೀಸ್ ಕಾಕಾಗೆ ಫೋನು ಹೋಯಿತು: “ತುಮ್ಚ್ಯಾ ಗಚ್ಚೀವರ್ ನಾಗ್ ಆಹೇ! ಅಣ್ಣಾ ತ್ಯಾಲಾ ದೂಧ್ ಪಾಜತೋಯ್!”

ಟೆರೇಸಿನಲ್ಲಿ ನಾಗರಹಾವು, ಅಣ್ಣಾ ಅದಕ್ಕೆ ಹಾಲು ಕುಡಿಸುತ್ತಿದ್ದಾನೆ! ಸುದ್ದಿ ಮೆಟ್ಟಿಲಿಳಿಯುತ್ತಾ ದಪ್ಪವಾಯಿತು. ನಾಲ್ಕನೇ ಮಾಳಿಗೆಯಲ್ಲಿ ಒಂದಿದ್ದ ಹಾವು ಎರಡನೆಯದರಲ್ಲಿ ಜೋಡಿಯಾಗಿ, ತಳಮಾಳಿಗೆ ತಲುಪುವಾಗ ಮೊಟ್ಟೆ ಇಟ್ಟಿತ್ತು. ಬಾಗಿಲುಗಳ ಸಂದಿಗೆ ಚಾದರ ತುರುಕಿದರು. ಪಾಯಿಖಾನೆಯ ರಂಧ್ರಕ್ಕೆ ಬಕೆಟ್ಟು ಬೋರಲು ಹಾಕಿದರು.

ವಾಚ್‌ಮನ್ ಹುಲಗಪ್ಪನನ್ನು ಮೇಲೆ ಕಳಿಸಲಾಯಿತು. ಅವನು ಕಲಬುರಗಿ ಕಡೆಯವನು. ಊರಲ್ಲಿ ದಿನಕ್ಕೊಂದು ಹಾವು ಹಿಡಿಯುತ್ತಿದ್ದೆ ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದ. ಈಗ ಅದರ ಫಲ ಉಣ್ಣಬೇಕಾಗಿತ್ತು. ಕೊನೆಯ ಮೆಟ್ಟಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡೇ ಇಣುಕಿ, “ಶಿವಶಿವಾ!” ಎಂದು ಟೆರೇಸಿನ ಕಬ್ಬಿಣದ ಬಾಗಿಲನ್ನು ಧಡಾರನೆ ಎಳೆದು ಒಳಗಿನಿಂದ ಬೋಲ್ಟು ಹಾಕಿದ.

“ಅರೇ, ಅಣ್ಣಾ ಬಾಹರ್ ಹೈ ನಾ?” ಎಂದರು ಸಬನೀಸ್ ಕಾಕಾ.

“ಅದಾರ್ರೀ ಕಾಕಾ. ಆದ್ರ ಹಾವೂ ಹೊರಗೇ ಅದ ಅಲ್ರೀ! ಬಾಗಲಾ ತಗದ್ರ ಸಾಹೇಬ್ರು ಮೊದಲ ಬರ್ತಾರೋ ಹಾವು ಮೊದಲ ಬರ್ತದೋ, ಯಾರಿಗ್ ಗೊತ್ತು?”

ಕನ್ನಡ ಬಾರದ ಕಾಕಾಗೂ ಈ ಮಾತಿನ ತೂಕ ತಿಳಿಯಿತು.

ಬಾಗಿಲಿನ ಸದ್ದಿಗೆ ಮಾಡಿನ ಮೇಲಿದ್ದ ಪುಂಡರೀಕಾಕ್ಷನ ಎದೆ ಹಾರಿತು, ಗ್ಲಾಸೂ ಹಾರಿತು. ಹಾಲು ಶೀಟಿನ ತಗ್ಗಿನಲ್ಲಿ ಹರಿದು, ಕೊನೆಗೆ ಕಸ ಕಟ್ಟಿಕೊಂಡಿದ್ದ ಮೂಲೆಯಲ್ಲಿ ನಿಂತಿತು. ಅವನು ಮೂಗು ಶೀಟಿಗೆ ತಾಗಿಸಿ ಆ ಮೂಲೆಯನ್ನು ನೋಡಿದ. ನೋಡಿ ಒಂದು ಕ್ಷಣ ಕಣ್ಣು ಮುಚ್ಚಿದ. ದೇವರೇ ಎಂದ. ಕೈಗಡಿಯಾರ ಹನ್ನೆರಡೂ ಮೂವತ್ತೆಂಟು ತೋರಿಸುತ್ತಿತ್ತು. ಹಾಲು ಕಸದ ಪಾಲಾಗಿತ್ತು. ಉಳಿದದ್ದು ಡಾಕ್ಟರಮ್ಮನ ಕೊನೆಯ ಉಪಾಯ. ಮಾಡಬೇಕಾದದ್ದನ್ನು ಮಾಡಿ, ತುಟಿ ಬಿಗಿದು, ಬಲಗೆನ್ನೆ ಉಬ್ಬಿಸಿಕೊಂಡು ಏಣಿ ಇಳಿದ. ಒಂದು ಹಲ್ಲಿಗೆ ಅಷ್ಟು ಉಬ್ಬಬೇಕಾಗಿರಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಬಾಗಿಲು ಮುಚ್ಚಿತ್ತು. ಕೂಗುವಂತಿಲ್ಲ, ಕೂಗಿದರೆ ಹಲ್ಲು ಗಂಟಲಿಗೆ. ಎರಡೂ ಮುಷ್ಟಿಯಿಂದ ಗುದ್ದಿದ. “ಮ್ಮ್ಮ್! ಮ್ಮ್ಮ್ಮ್!”

ಒಳಗೆ ಹುಲಗಪ್ಪ ಎರಡು ಮೆಟ್ಟಿಲು ಹಿಂದಕ್ಕೆ ಜಿಗಿದ. “ಯಪ್ಪಾ! ಹಾವು ಬಾಗಲಾ ಬಡೀಲಿಕತ್ತದ!”

“ಅರೇ ಮೂರ್ಖ್, ಸಾಂಪ್ ಕೋ ಹಾಥ್ ಕಹಾಂ ಹೋತಾ ಹೈ!” ಎಂದು ಕಾಕಾ ಗದರಿದರು. ಹಾವಿಗೆ ಕೈಯಿಲ್ಲ ಎಂಬ ಈ ಒಂದು ಅಂಶದ ಮೇಲೆ ಚರ್ಚೆ ನಡೆದು ಬಾಗಿಲು ತೆರೆಯುವಾಗ ಆರು ನಿಮಿಷ ಹೋಗಿತ್ತು.

ಹೊರಗೆ ನಿಂತಿದ್ದವನನ್ನು ಕಂಡು ಎಲ್ಲರೂ ಒಂದು ಮೆಟ್ಟಿಲು ಹಿಂದೆ ಸರಿದರು. ಮುಖ ಕೆಂಪು, ಮೈಯೆಲ್ಲ ಬೆವರು, ಕಣ್ಣು ಹೊರಗೆ, ತುಟಿಯಂಚಿನಲ್ಲಿ ಜೊಲ್ಲು, ಒಂದು ಕೆನ್ನೆ ಊದಿಕೊಂಡಿದೆ.

“ಕಚ್ಚೇದ!” ಎಂದ ಹುಲಗಪ್ಪ.

ಪುಂಡರೀಕಾಕ್ಷ ಇಲ್ಲ ಇಲ್ಲ ಎಂದು ಜೋರಾಗಿ ತಲೆಯಾಡಿಸಿದ.

“ನೋಡ್ರಿ, ತಲಿ ತಿರಗಲಿಕತ್ತದ!”

ಅವನು ತನ್ನ ಬಾಯಿ ತೋರಿಸಿದ. “ನಾಲಿಗಿ ಬಿದ್ದದ!” ಅಲ್ಲಪ್ಪಾ ಎಂಬಂತೆ, ಗುಂಪಿನ ಹಿಂದೆ ಬಂದು ನಿಂತಿದ್ದ ಶ್ರದ್ಧಾಳ ಕಡೆ ಬೆರಳು ಮಾಡಿದ. ಎಲ್ಲರೂ ತಿರುಗಿ ನೋಡಿದರು. ಬಟ್ಟೆ ಕಚ್ಚಿ ನಿಂತ ಹುಡುಗಿ, ಬಟ್ಟೆಯ ತುಂಬ ರಕ್ತ. “ಅಯ್ಯಯ್ಯಪ್ಪ, ಪೋರಿಗೂ ಕಚ್ಚೇದ!” ಶ್ರದ್ಧಾ ಸಿಟ್ಟಿನಿಂದ ಏನೋ ಹೇಳಲು ಹೊರಟಳು. ಹುಲಗಪ್ಪ ಅವಳ ಬಾಯಿಗೆ ಕೈ ಅಡ್ಡ ಹಿಡಿದ. “ಮಾತಾಡಬ್ಯಾಡ ತಂಗಿ, ಮಾತಾಡಿದ್ರ ವಿಷ ಏರ್ತದ!”

ಸತ್ಯ ಗೊತ್ತಿದ್ದವರು ಜಗತ್ತಿನಲ್ಲಿ ಮೂವರು. ಇಬ್ಬರ ಬಾಯಿಯನ್ನು ಪ್ರಥಮ ಚಿಕಿತ್ಸೆ ಮುಚ್ಚಿತ್ತು. ಮೂರನೆಯವರಾದ ಅಪ್ಪಿಯಮ್ಮ ಎರಡೂ ಕೈಯೆತ್ತಿ, “ದಾಲ ಇಜ್ಜಿ, ದಾಲ ಇಜ್ಜಿ” ಎಂದರು. ಏನೂ ಆಗಿಲ್ಲ ಎಂದರ್ಥ. ನೆರೆದವರೆಲ್ಲ ಅದನ್ನು ವಿಷ ಇಳಿಸುವ ಮಂತ್ರ ಎಂದು ತಿಳಿದು ಭಕ್ತಿಯಿಂದ ಸುಮ್ಮನಾದರು. ಹುಲಗಪ್ಪ ಚಪ್ಪಲಿಯನ್ನೂ ಕಳಚಿದ.

ಮುಂದಿನದೆಲ್ಲ ಗಾಳಿಯ ವೇಗದಲ್ಲಿ ನಡೆಯಿತು. ಎಲ್ಲಿ ಕಚ್ಚಿದೆ ಎಂದು ತಿಳಿಯದ ಕಾರಣ ಎರಡೂ ತೋಳಿಗೆ ಬಟ್ಟೆ ಒಣಗಿಸುವ ಹಗ್ಗ ಬಿಗಿದರು. ಹಾವು ಕಚ್ಚಿದವರಿಗೆ ಹಗ್ಗ ಬಿಗಿಯಲೇಬಾರದು ಎಂದು ಶಿಬಿರದಲ್ಲಿ ಹೇಳಿದ್ದು ಪುಂಡರೀಕಾಕ್ಷನಿಗೆ ಆಗ ಅಕ್ಷರಶಃ ನೆನಪಾಯಿತು. ಸರ್ಟಿಫಿಕೇಟು ಪಡೆದ ಮೇಲೆ ಅವನಿಗೆ ಸರಿಯಾದ ಪಾಠ ಸರಿಯಾದ ಹೊತ್ತಿಗೆ ನೆನಪಾದದ್ದು ಅದು ಎರಡನೇ ಸಲ. ಆದರೆ ಹೇಳುವುದು ಹೇಗೆ? ಅಪ್ಪ ಮಗಳನ್ನು ರಿಕ್ಷಾದಲ್ಲಿ ಕೂರಿಸಿದರು. ಪಕ್ಕದಲ್ಲಿ ಕಾಕಾ, ಡ್ರೈವರಿನ ಪಕ್ಕ ಅರ್ಧ ಕುಂಡಿ ಊರಿ ಹುಲಗಪ್ಪ. “ದೊಡ್ಡಾಸ್ಪತ್ರಿಗೆ ನಡಿ!”

ಹನ್ನೆರಡೂ ಐವತ್ತು. ಆಸ್ಪತ್ರೆಗೆ ಹೋದರೆ ಅಲ್ಲಿ ಸಾಲು, ಕೇಸ್‌ಪೇಪರು, ಹಾವು ಯಾವ ಬಣ್ಣ ಎಂಬ ವಿಚಾರಣೆ. ಒಂದೂ ಹತ್ತಕ್ಕೆ ಹಲ್ಲು ಸತ್ತಿತು. ಮಗಳು ಜೀವಮಾನವಿಡೀ ಬಾಯಿಗೆ ಕೈ ಅಡ್ಡ ಹಿಡಿದು ನಗುವಂತಾಗುತ್ತದೆ. ಪ್ರತಿ ನಗುವಿಗೂ ವಿಮಲಾ ಅವನನ್ನೊಮ್ಮೆ ನೋಡುತ್ತಾಳೆ. ಅದನ್ನು ನೆನೆದು ಅವನು ಕಣ್ಣು ಮುಚ್ಚಿದ.

“ನಿದ್ದಿ ಮಾಡಬ್ಯಾಡ್ರಿ ಸಾಹೇಬ್ರ! ನಿದ್ದಿ ಮಾಡಿದ್ರ ಮುಗೀತು!” ಹುಲಗಪ್ಪ ತಿರುಗಿ ಬೆನ್ನಿಗೊಂದು ಗುದ್ದು ಹಾಕಿದ. ಕೆನ್ನೆಯೊಳಗಿದ್ದದ್ದು ನಾಲಿಗೆಯ ಬುಡದವರೆಗೆ ಉರುಳಿ ಬಂತು. ಪುಂಡರೀಕಾಕ್ಷನ ಪ್ರಾಣವೂ ಅಲ್ಲಿಯವರೆಗೇ ಬಂತು. ಹೇಗೋ ನಾಲಿಗೆಯಲ್ಲಿ ತಡೆದು ಹಿಂದಕ್ಕೆ ದೂಡಿದ. ಮೂಗಿನಿಂದ ಉಸಿರಾಡುತ್ತಾ, ಮನೆದೇವರಿಗೆ ಏಳು ಹೂವಿನ ಪೂಜೆ ಹೇಳಿಕೊಂಡ. ಏಳೇ ಏಕೆ ಎಂಬುದು ಅವನಿಗೂ ದೇವರಿಗೂ ಮಾತ್ರ ಗೊತ್ತಿತ್ತು.

ಸ್ಟೇಷನ್ ರಸ್ತೆಯಲ್ಲಿ ರಿಕ್ಷಾ ಗಕ್ಕನೆ ನಿಂತಿತು. ಮುಂದೆ ಬಸ್ಸು, ಹಿಂದೆ ಟೆಂಪೋ, ನಡುವೆ ಮಾವಿನ ಗಾಡಿ. ಡೊಂಬಿವಲಿಯ ಟ್ರಾಫಿಕ್ಕು ಜನ್ಮದಲ್ಲಿ ಮಾಡಿದ ಒಂದೇ ಉಪಕಾರ ಅದು. ಪುಂಡರೀಕಾಕ್ಷ ತಲೆಯೆತ್ತಿದರೆ ಮೊದಲ ಮಾಳಿಗೆಯಲ್ಲಿ ಕುಂಬಳಕಾಯಿ ಗಾತ್ರದ ಹಲ್ಲಿನ ಚಿತ್ರ. ಡಾ. ರಮಿತಾ, ದಂತವೈದ್ಯೆ. ಕನ್ನಡಕವಿಲ್ಲದ ಕಣ್ಣಿಗೂ ಓದಿಸಿಕೊಳ್ಳುವಷ್ಟು ದೊಡ್ಡ ಬೋರ್ಡು.

ಮಗಳ ಕೈ ಹಿಡಿದು ಹೊರಗೆ ಹಾರಿದ.

“ಅರೇ ಪಕಡೋ! ಜಹರ್ ದಿಮಾಗ್ ಮೇಂ ಚಢ್ ಗಯಾ!” ಕಾಕಾ ಕಿರುಚಿದರು. ವಿಷ ತಲೆಗೇರಿದ ಮನುಷ್ಯ ಎರಡೂ ತೋಳಿನಲ್ಲಿ ಹಗ್ಗ ಜೋತಾಡಿಸುತ್ತಾ ಮಾವಿನ ಗಾಡಿ ದಾಟಿ ಮೆಟ್ಟಿಲು ಹತ್ತಿದ. ಹಿಂದೆ ಹುಲಗಪ್ಪ, ಅವನ ಹಿಂದೆ ಏದುಸಿರಿನ ಕಾಕಾ, ಅವರ ಹಿಂದೆ ಬಾಡಿಗೆ ಸಿಗದ ರಿಕ್ಷಾದವನು.

ಡಾಕ್ಟರ್ ರಮಿತಾ ಊಟಕ್ಕೆಂದು ಶಟರಿಗೆ ಕೈ ಹಾಕಿದ್ದಳು. ಇವರನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. “ಪೇಶಂಟ್ ಯಾರು?”

ಪುಂಡರೀಕಾಕ್ಷ ಮೇಜಿನ ಮೇಲಿದ್ದ ಸ್ಟೀಲಿನ ತಟ್ಟೆಯನ್ನು ಎಳೆದುಕೊಂಡು ಬಾಯಿ ತೆರೆದ.

ಟಿಣ್. ಟಿಣ್. ಟಿಣ್. ಟಿಣ್. ಟಿಣ್. ಟಿಣ್.

ಸ್ವಲ್ಪ ತಡೆದು, ಇನ್ನೊಂದು ಟಿಣ್.

ಸಬನೀಸ್ ಕಾಕಾ ಸಿಕ್ಕಿದ ಸ್ಟೂಲಿನ ಮೇಲೆ ಕುಸಿದರು. ಹುಲಗಪ್ಪ ಬಗ್ಗಿ ಎಣಿಸಿದ. “ಏಳು! ಯಪ್ಪಾ ಯಪ್ಪಾ, ವಿಷದ ಝಳಕ್ಕ ಹಲ್ಲೆಲ್ಲಾ ಉದುರ್ಯಾವ!”

“ಹಾವೂ ಇಲ್ಲ ವಿಷವೂ ಇಲ್ಲ!” ಪುಂಡರೀಕಾಕ್ಷ ಅಷ್ಟು ಹೊತ್ತಿನ ಮಾತನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದ. “ಇವಳ ಹಲ್ಲು ಡಾಕ್ಟ್ರೇ, ಹನ್ನೆರಡೂ ಹತ್ತಕ್ಕೆ ಬಿದ್ದದ್ದು, ನನ್ನಮ್ಮ ಮಾಡಿಗೆ ಎಸೆದರು, ಆರು ವರ್ಷದಿಂದ ಎಸೆದದ್ದೆಲ್ಲ ಅಲ್ಲೇ ಇದೆ, ಕನ್ನಡಕ ಇಲ್ಲ, ಯಾವುದು ಅಂತ ಗೊತ್ತಾಗಲಿಲ್ಲ, ಒಂದನ್ನು ತಂದು ತಪ್ಪಾದರೆ ಅಂತ ಹೆದರಿ ಎಲ್ಲವನ್ನೂ ಬಾಯಿಗೆ ಹಾಕಿಕೊಂಡೆ!”

ಡಾಕ್ಟರ್ ರಮಿತಾ ಡೊಂಬಿವಲಿಯಲ್ಲೇ ಹುಟ್ಟಿದ ಮುಲ್ಕಿ ಕಡೆಯ ಹುಡುಗಿ. ಮಾಡಿಗೆ ಹಲ್ಲು ಎಸೆಯುವುದನ್ನು ಅವಳಿಗೆ ವಿವರಿಸಬೇಕಾಗಲಿಲ್ಲ. ಕೈಗವಸು ಹಾಕಿ ತಟ್ಟೆಯಲ್ಲಿ ಬೆರಳಾಡಿಸಿ ಒಂದನ್ನು ಎತ್ತಿದಳು. “ಇದು. ಬೇರು ಉದ್ದ ಇದೆ, ನೋಡಿ. ಇನ್ನೂ ಒದ್ದೆ ಇದೆ, ಲಕ್ಕಿ ನೀವು. ಈ ಐದು ಹಾಲುಹಲ್ಲು. ಮತ್ತೆ ಇದು…” ಏಳನೆಯದನ್ನು ಬೆಳಕಿಗೆ ಹಿಡಿದಳು. “ಇದು ದವಡೆಹಲ್ಲು. ಹುಳುಕಾಗಿದೆ. ತುಂಬಾ ವಯಸ್ಸಾದವರದ್ದು. ಯಾರದ್ದಿದು?”

ದೀಪಾವಳಿಗೆ ಎಸೆದ ನನ್ನದೇ ಇನ್ನೂ ಬಂದಿಲ್ಲ ಎಂಬ ಮಾತು ಪುಂಡರೀಕಾಕ್ಷನಿಗೆ ಈಗ ಕೇಳಿಸಿತು. ಅವನು ಬೇಸಿನ್ನಿನ ಕಡೆ ಓಡಿದ. ಹೆತ್ತ ತಾಯಿಯ ಋಣ ತೀರಿಸಲು ಆಗದು ಎನ್ನುತ್ತಾರೆ. ಆದರೂ ಅದನ್ನು ಇಪ್ಪತ್ತು ನಿಮಿಷ ಬಾಯಲ್ಲಿ ಇಟ್ಟುಕೊಂಡವರು ವಿರಳ.

ಒಂದೂ ನಾಲ್ಕಕ್ಕೆ ಹಲ್ಲು ತನ್ನ ಗುಳಿಗೆ ಮರಳಿತು. ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಡಾಕ್ಟರ್ ತಂತಿ ಕಟ್ಟಿದಳು. “ಹಿಡಿಯುತ್ತೋ ಇಲ್ವೋ ಈಗ ಹೇಳೋಕೆ ಆಗಲ್ಲ. ಎರಡು ವಾರ ಮೆತ್ತಗಿನ ಊಟ. ಟಿಟನಸ್ ಇಂಜೆಕ್ಷನ್ ಹಾಕಿಸಿ. ಆಮೇಲೆ ನೋಡೋಣ.” ಉಳಿದ ಆರು ಹಲ್ಲನ್ನು ಕಾಗದದ ಪೊಟ್ಟಣ ಕಟ್ಟಿ ಅವನ ಶರ್ಟಿನ ಜೇಬಿಗೆ ಹಾಕಿದಳು. “ಇದು ನಿಮ್ಮ ಮನೆ ಆಸ್ತಿ.”

“ಇನ್ನು ಬಾಯಿ ತೆರೆಯಬಹುದು ಮಗಾ” ಎಂದ ಪುಂಡರೀಕಾಕ್ಷ. ಶ್ರದ್ಧಾ ಏನು ಹೇಳುತ್ತಾಳೋ ಎಂದು ಒಂದು ಹೆಜ್ಜೆ ಹಿಂದೆ ಸರಿದ.

“ಪಪ್ಪಾ,” ಎಂದಳು ಅವಳು ತಂತಿಯ ನಡುವಿನಿಂದ. “ಮಮ್ಮೀ ಕೋ ಕ್ಯಾ ಬೋಲೇಂಗೇ?”

ಅವಳ ಅಮ್ಮನಿಗೆ ಏನು ಹೇಳುವುದೆಂದು ಅವನು ಯೋಚಿಸುವ ಮೊದಲೇ ಮೊಬೈಲು ಬಡಿದುಕೊಂಡಿತು. ವಿಮಲಾ. ಸಬನೀಸ್ ಕಾಕಾರ ಹೆಂಡತಿ ಕಾಕೂ ಅವಳ ಆಫೀಸಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಫೋನಿನಲ್ಲಿ ಅಳು. “ನಿಮಗೆ ಹಾವು ಕಚ್ಚಿತಂತೆ? ಶ್ರದ್ಧಾಗೂ? ಮಾತಾಡಿ ಮಾರಾಯ್ರೇ, ಜೀವ ಹೋಗ್ತಾ ಉಂಟು ನಂಗೆ!”

ಹದಿನಾಲ್ಕು ವರ್ಷದ ಸಂಸಾರದಲ್ಲಿ ವಿಮಲಾ ಅವನಿಗಾಗಿ ಅತ್ತದ್ದು ಅವನು ಕೇಳಿದ್ದು ಅದೇ ಮೊದಲು. ಫ್ರಿಜ್ಜಿನ ಮೂಲೆಯ ಸತ್ಯ ಹೇಳಿದರೆ ಆ ಅಳು ಯಾವ ರೂಪ ತಾಳುತ್ತದೆ ಎಂಬುದೂ ಗೊತ್ತಿತ್ತು. ಮಗಳ ಮುಖ ನೋಡಿದ. ಶ್ರದ್ಧಾ ಒಂದು ಅಂಗೈಯನ್ನು ಹೆಡೆಯಂತೆ ಎತ್ತಿ ಮೆಲ್ಲಗೆ ಆಡಿಸಿದಳು.

“ಅದು… ಕಚ್ಚಲಿಲ್ಲ,” ಎಂದ ಪುಂಡರೀಕಾಕ್ಷ. “ಕಚ್ಚಲಿಕ್ಕೆ ಬಂತು. ಶ್ರದ್ಧಾ ಹೆದರಿ ಓಡುವಾಗ ಬಿದ್ದಳು. ಹಲ್ಲು… ಹಲ್ಲಿಗೆ ಸ್ವಲ್ಪ ಪೆಟ್ಟು.”

ಸಬನೀಸ್ ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ಗಂಭೀರವಾಗಿ ತಲೆಯಾಡಿಸಿದರು. ಇಡೀ ಸೊಸೈಟಿಯನ್ನು ಮೆಟ್ಟಿಲಲ್ಲಿ ಓಡಾಡಿಸಿದ್ದು ಒಂದು ಹಲ್ಲಿಗಾಗಿ ಎಂದು ಮಿನಿಟ್ಸ್ ಪುಸ್ತಕದಲ್ಲಿ ಬರೆಯುವ ಇಚ್ಛೆ ಅವರಿಗೂ ಇರಲಿಲ್ಲ. ಹುಲಗಪ್ಪನಂತೂ ಆ ಹಾವನ್ನು ತಾನು ಕಣ್ಣಾರೆ ನೋಡಿದ್ದಾಗಿ ಆಣೆ ಮಾಡಿದ.

ಎರಡು ವಾರ ಪುಂಡರೀಕಾಕ್ಷ ದಿನಾ ಬೆಳಿಗ್ಗೆ ಎದ್ದೊಡನೆ ಮಗಳ ಬಾಯಿ ನೋಡಿದ. ಶ್ರದ್ಧಾ ಗಂಜಿ ಕುಡಿದು ಕುಡಿದು ಅವನನ್ನು ಬೈದಳು. ತಂತಿ ಬಿಚ್ಚಿದ ದಿನ ಡಾಕ್ಟರ್ ಬೆರಳಿನಿಂದ ತಳ್ಳಿ ನೋಡಿ, “ಹಿಡಿದಿದೆ. ಆರು ತಿಂಗಳು ಚೆಕಪ್‌ಗೆ ಬರ್ತಾ ಇರಿ” ಎಂದಳು. ಅವನು ಕ್ಲಿನಿಕ್ಕಿನ 	ಮೆಟ್ಟಿಲಲ್ಲೇ ಕೂತು ಸ್ವಲ್ಪ ಅತ್ತ. ಮನೆಗೆ ಬಂದು ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ ಫ್ರಿಜ್ಜಿನ ಹಿಂದೆ ಸೇರಿಸಿದ. ಪೊಟ್ಟಣ ಜೇಬಿನಲ್ಲಿರಲಿಲ್ಲ, ಎಲ್ಲೋ ಬಿದ್ದುಹೋಗಿರಬೇಕು ಎಂದುಕೊಂಡ. ಹುಡುಕುವ ಧೈರ್ಯವಾಗಲಿಲ್ಲ.

ಆಗಸ್ಟಿನಲ್ಲಿ ನಾಗರಪಂಚಮಿ ಬಂತು. ಟೆರೇಸಿನ ನಾಗನಿಗೆ ಹಾಲೆರೆಯಬೇಕೆಂದೂ, ಪರಿಚಯವಿರುವ ಕಾರಣ ಅದನ್ನು ಅಣ್ಣಾ ಒಬ್ಬನೇ ಒಯ್ಯಬೇಕೆಂದೂ ಸೊಸೈಟಿ ಒಮ್ಮತದಿಂದ ತೀರ್ಮಾನಿಸಿತು. ಬೆಳಿಗ್ಗೆ ಇಡೀ ಕಟ್ಟಡ ಮೆಟ್ಟಿಲ ಮೇಲೆ ಕೈಮುಗಿದು ನಿಂತಿತ್ತು. ವಿಮಲಾ ಹಾಲಿನ ಗ್ಲಾಸು ತಂದು ಗಂಡನ ಕೈಗಿತ್ತಳು. ಅದರ ಜೊತೆಗೆ ಒಂದು ಸಣ್ಣ ಕಾಗದದ ಪೊಟ್ಟಣ.

“ಹಾವಿಗೆ ಹಾಲು ಕೊಟ್ಟಾದ ಮೇಲೆ ಇದನ್ನೂ ಮಾಡಿಗೆ ಹಾಕಿ ಬನ್ನಿ,” ಎಂದಳು ಬಹಳ ಮೆಲ್ಲಗೆ. “ಮೂರು ತಿಂಗಳ ಹಿಂದೆ ನಿಮ್ಮ ಶರ್ಟು ಒಗೆಯುವಾಗ ಸಿಕ್ಕಿದ್ದು. ಐದು ಮಗಳದ್ದು. ಒಂದು ಅತ್ತೆಯದ್ದು. ಅವತ್ತೇ ಫ್ರಿಜ್ಜಿನ ಕೆಳಗೆ ನಿಮ್ಮ ಕನ್ನಡಕ, ಮೂಲೆಯಲ್ಲಿ ರಕ್ತ ನೋಡಿದ್ದೆ. ಫ್ರಿಜ್ಜಿನ ವಿಷಯ ಸಂಜೆ ಮಾತಾಡುವ.”

ಮುಂದೆ ಇಲ್ಲದ ಹಾವು, ಹಿಂದೆ ಇರುವ ಹೆಂಡತಿ. ಪುಂಡರೀಕಾಕ್ಷ ಮೆಟ್ಟಿಲ ಮೇಲೆ ಕಾಲು ಕಿತ್ತಿಡಲಾರದೆ ನಿಂತ. ಶ್ರದ್ಧಾ ಬಾಯಿ ತುಂಬ ಹಲ್ಲು ತೋರಿಸಿ, ಕೈ ಅಡ್ಡ ಹಿಡಿಯದೆ, ಕಟ್ಟಡವೆಲ್ಲ ಕೇಳುವಂತೆ ನಕ್ಕಳು.

ಅಪ್ಪಿಯಮ್ಮ ಮಾತ್ರ ನಗಲಿಲ್ಲ. ಮಗನ ಹತ್ತಿರ ಬಂದು ಪೊಟ್ಟಣವನ್ನು ಮುಟ್ಟಿ ನೋಡಿ, ಕಿವಿಯಲ್ಲಿ ಹೇಳಿದರು:

“ನನ್ನದನ್ನು ಸ್ವಲ್ಪ ಜೋರಾಗಿ ಎಸೆ ಮಗಾ. ಕಳೆದ ಸಲ ಸರಿಯಾಗಿ ಬಿದ್ದಿರಲಿಕ್ಕಿಲ್ಲ.”